ತಡೆಗೋಡೆಯ ನಾಲ್ಕು ಬಾಯಿ

ಮಕ್ಕಳೇ, ಸಂಡೂರಿನ ನಿಮ್ಮ ಮನೆಯ ಹಿತ್ತಲಲ್ಲಿರುವ ತಡೆಗೋಡೆಯನ್ನು ನೀವು ಮರದ್ದೆಂದೇ ತಿಳಿದಿದ್ದೀರಿ. ನಿಮ್ಮ ಅಜ್ಜ ಹೋದ ಮೇಲೆ ಮಗಳ ಮನೆಯೆಂದು ಇಲ್ಲಿಗೆ ಬಂದ ನಾನೂ, ಹಲಗೆಗಳು ಬಂದ ದಿನ ಮೊದಲು ಹಾಗೇ ತಿಳಿದಿದ್ದೆ. ಆದರೆ ಲಾರಿಯಿಂದ ಇಳಿಸುವಾಗ ಒಂದೊಂದು ಹಲಗೆಗೂ ಇಬ್ಬರು ಏದುಸಿರು ಬಿಟ್ಟರು. ಮುಟ್ಟಿದರೆ ತಣ್ಣಗಿತ್ತು, ಕಾಂಕ್ರೀಟು. ಮರದ ಎಳೆ, ಗಂಟು ಎಲ್ಲವನ್ನೂ ಅಚ್ಚಿನಲ್ಲಿ ಮೂಡಿಸಿದ್ದರು. ಎಲ್ಲ ಹಲಗೆಯಲ್ಲೂ ಅದೇ ಜಾಗದಲ್ಲಿ ಅದೇ ಗಂಟು! ಕಬ್ಬಿಣದ ಕಂಬಗಳ ನಡುವೆ ಅವನ್ನು ಒಂದರ ಮೇಲೊಂದು ಇಳಿಸಿ, ಹಿಂದೆ ಮಣ್ಣು ತುಂಬಿ, ಇಳಿಜಾರಿನಲ್ಲಿ ಹೂಗಿಡಕ್ಕೆ ಜಾಗ ಮಾಡಿದರು.

ಕೆಳಗೆ, ಗೋಡೆಗೆ ಅಂಟಿಕೊಂಡೇ, ಪಕ್ಕದ ಮನೆಯವರ ತಗಡಿನ ಬಚ್ಚಲು. ಅವರ ಮಗಳು ಬಾಣಂತನಕ್ಕೆ ಬಂದಿದ್ದಳು. ಗೋಡೆಯ ಬುಡದಲ್ಲಿ ಮೇಸ್ತ್ರಿ ಅವರ ಕಡೆಗೆ ತೆರೆದಂತೆ ನಾಲ್ಕು ಪೈಪಿನ ಬಾಯಿ ಬಿಟ್ಟಿದ್ದ.

"ಚೇಳು ಗೀಳು ಬಂದ್ರ ಏನ್ಮಾಡ್ಲಿ ಅಕ್ಕಾ? ಎಳೇ ಕೂಸು ಐತಿ," ಎಂದಳು ಪಕ್ಕದ ಮನೆಯಾಕೆ.

ನಾನು ಹುಟ್ಟಿದ ಮೆಟ್ರಿಯಲ್ಲಿ ಬಾಣಂತಿ ಇರುವ ಮನೆಯ ಗೋಡೆಯಲ್ಲಿ ಬೆರಳು ಹೋಗುವಷ್ಟು ತೂತನ್ನೂ ಬಿಡುತ್ತಿರಲಿಲ್ಲ. ಹಸಿಮಣ್ಣು ಮೆತ್ತುತ್ತಿದ್ದರು. ಮರುದಿನ ಮಧ್ಯಾಹ್ನ ನಾನೇ ಇಳಿದು ಹೋಗಿ, ನಾಲ್ಕಕ್ಕೂ ಹಳೇ ಸೀರೆಯ ಚೂರು ತುರುಕಿ, ಉಳಿದಿದ್ದ ಸಿಮೆಂಟು ಕಲಸಿ ಮೆತ್ತಿದೆ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ನಡುವಿನ ಕಂಬ ಕೆಳಗಿನ ಮನೆಯತ್ತ ವಾಲಿತ್ತು. ಹಲಗೆಗಳ ಸಂದಿನಲ್ಲಿ ಕೆಂಪು ನೀರು ಒಸರುತ್ತಿತ್ತು. ಕೆಳಗಿನ ಬಚ್ಚಲ ಒಲೆಯಿಂದ ಹೊಗೆ ಏಳುತ್ತಿತ್ತು. ಬಾಣಂತಿಯ ಸ್ನಾನದ ಹೊತ್ತು.

"ಗ್ವಾಡಿ ವಾಲೇತಿ! ಕೂಸಿನ್ನ ತಗೊಂಡು ಮುಂದಿನ ಬಾಗಲಕ್ಕ ಓಡ್ರಿ!" ಎಂದು ಕೂಗಿದೆ. ನನಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಅವರು ಹೊರಗೆ ಬಂದರು. ನಿಮ್ಮಪ್ಪ ಮೇಸ್ತ್ರಿಯನ್ನು ಕರೆತಂದರು. ಅವನು ಗೋಡೆಯ ಬುಡ ನೋಡಿ ಪಕ್ಕದ ಮನೆಯಾಕೆಯ ಮೇಲೆ ಹರಿಹಾಯ್ದ.

"ಮಣ್ಣಾಗಿನ ನೀರು ಹೋಗ್ಲಿ ಅಂತ ಬಿಟ್ಟಿದ್ದೆ. ಹೋಳಿಗಿಗೆ ಹೂರಣ ತುಂಬಿದಂಗ ತುಂಬೀರಲ್ರಿ! ಭಾಳ ಶಾಣ್ಯಾರು ಬಿಡ್ರಿ!"

"ನಾ ಯಾಕ ತುಂಬ್ಲಿ?"

"ಮತ್ತ ಬೆಕ್ಕು ಬಂದು ಸಿಮೆಂಟ್ ಕಲಸಿತೇನು?"

ಆಕೆಯ ಕಣ್ಣಲ್ಲಿ ನೀರು ಬಂತು. ಅಳಿಯನೆದುರು ನಾನು ನೇರವಾಗಿ ಮಾತಾಡಿದವಳಲ್ಲ. ಏನೇ ಇದ್ದರೂ ನಿಮ್ಮವ್ವನ ಮೂಲಕ ಹೇಳಿಸುವುದು. ನಿಮ್ಮವ್ವ ಅಂದು ಹೊಸಪೇಟೆಗೆ ಹೋಗಿದ್ದಳು. ಸೆರಗು ಎಳೆದುಕೊಂಡು, ನೆಲ ನೋಡುತ್ತಲೇ ಹೇಳಿದೆ:

"ಆಕಿನ್ನ ಬೈಬ್ಯಾಡ್ರಿ. ನಾನ ಮುಚ್ಚೀನಿ."

ನಿಮ್ಮಪ್ಪ ಗೋಡೆಯ ಬುಡದತ್ತ ಬಗ್ಗಿ ನೋಡಿ, "ಅತ್ತಿ, ಮೂರು ಕಾಣಾಕತ್ತಾವ. ನಾಕನೇದು ಎಲ್ಲೈತಿ?" ಎಂದರು.

ಅದು ಬಚ್ಚಲ ಸೌದೆಯ ಹಿಂದಿತ್ತು. ತೋರಿಸಿದೆ. ಮೇಸ್ತ್ರಿ ದೂರ ನಿಂತು ಉದ್ದನೆಯ ಹಾರೆಯಿಂದ ಒಂದೊಂದನ್ನೇ ಬಿಡಿಸಿದ. ನಾಲ್ಕನೆಯದು ಬಿಟ್ಟಾಗ ಬಂದ ನೀರಿಗೆ ಸೌದೆಯೇ ತೇಲಿ ಹೋಯಿತು. ಕಂಬ ವಾಲಿದಷ್ಟಕ್ಕೇ ನಿಂತಿತು. ಗೋಡೆ ಬಿಚ್ಚಿ ಮತ್ತೆ ಕಟ್ಟುವವರೆಗೂ ಬಾಣಂತಿ ನಮ್ಮ ಬಚ್ಚಲಿಗೇ ಬಂದಳು. ದಿನವೂ ಬೆಳಿಗ್ಗೆ ನಾನೇ ನೀರು ಕಾಸಿ ಕೊಟ್ಟೆ.