ಆರುಮುಗಂ ಹೆಸರಿನ ನೂರೈವತ್ತು

ಮುಚ್ಚಿಹೋದ ಚಿನ್ನದ ಗಣಿ ಮೈಸೂರು ಮೈನ್ಸಿನ ಕಾರ್ಮಿಕರ ಲೈನ್ ಮನೆಯ ಪಾಪಕ್ಕ ಬಂಗಾರಪೇಟೆಯ ಕಲ್ಯಾಣಮಂಟಪವೊಂದರಲ್ಲಿ ಪಾತ್ರೆ ತೊಳೆಯುವವಳು. ಅದೇ ಬೀದಿಯಲ್ಲಿ ಡಾಕ್ಟರ್ ರಾಧ ಅವರ ಪುಟ್ಟ ಕ್ಲಿನಿಕ್ಕು. ಅಲ್ಲಿ ವಿಮೆ ಕಾರ್ಡು ನಡೆಯುವುದಿಲ್ಲ. ತಿಂಗಳಿಗೆ ತಲೆಗೆ ನೂರೈವತ್ತು ಕಟ್ಟಿದರೆ ಎಷ್ಟು ಸಲವಾದರೂ ತೋರಿಸಬಹುದು, ಫೋನ್ ಮಾಡಬಹುದು, ಸಣ್ಣಪುಟ್ಟ ಮಾತ್ರೆಯೂ ಅದರಲ್ಲೇ. ಪಾಪಕ್ಕ ತನ್ನ ಹೆಸರನ್ನೂ ಗಾರ್ಮೆಂಟ್ಸಿಗೆ ಹೋಗುವ ಮಗಳು ಸುಮಿತಾಳ ಹೆಸರನ್ನೂ ಬರೆಸಿದ್ದಳು. ಗೋದಾಮಿನಲ್ಲಿ ಮೂಟೆ ಹೊರುವ ಗಂಡ ಆರುಮುಗಂ ಮಾತ್ರ ಒಪ್ಪಲಿಲ್ಲ.

“ನನಗ್ಯಾಕೆ ದಂಡ? ಕಂಪ್ನಿ ಕಾರ್ಡ್ ಐತಲ್ಲ,” ಅಂದಿದ್ದ.

ಪಾಪಕ್ಕ ಮತ್ತೆ ಕೇಳಲಿಲ್ಲ. ನೂರೈವತ್ತು ಉಳಿಯಿತೆಂದು ಒಳಗೊಳಗೇ ಸಮಾಧಾನವಾಗಿತ್ತು.

ಆ ಕಾರ್ಡು ನಡೆಯುವುದು ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ. ಬರೀ ಕೆಮ್ಮಿಗೆ ಯಾರೂ ಮಲಗಿಸಿಕೊಳ್ಳಲಿಲ್ಲ. ಆರುಮುಗಂ ವರ್ಷವಿಡೀ ಮೆಡಿಕಲ್ ಶಾಪಿನ ಸಿರಪ್ ಕುಡಿದ. ರಕ್ತ ಕಾರಿದ ದಿನ ಕಾರ್ಡು ನಡೆಯಿತು. ಶ್ವಾಸಕೋಶ ಪೂರ್ತಿ ಹೋಗಿದೆ ಅಂದರು. ಒಂಬತ್ತನೆಯ ದಿನ, ಒಂದು ರೂಪಾಯಿಯನ್ನೂ ಕೇಳದೆ, ಹೆಣ ಕೊಟ್ಟರು.

ತಿಂಗಳ ಮೇಲೆ ಆ ಕೆಮ್ಮು ಮನೆಗೆ ವಾಪಸು ಬಂತು. ಸಂಜೆ, ಸುಮಿತಾ ನೀರಿಗೆಂದು ನಲ್ಲಿಗೆ ಹೋದ ಹೊತ್ತಿನಲ್ಲಿ, ಹಿಂದಿನ ಬಚ್ಚಲ ಕಡೆಯಿಂದ ಕೇಳುತ್ತಿತ್ತು. ಎರಡು ಸಲ ಒಣಕೆಮ್ಮು, ಮೂರನೆಯದು ಎದೆ ಕಿತ್ತುಬರುವಂಥದು. ಅವನದೇ. ಪಾಪಕ್ಕ ಸೆರಗಿನಲ್ಲಿ ಕಿವಿ ಮುಚ್ಚಿಕೊಂಡು ಗೋಡೆಗೊರಗಿ ಕೂರುತ್ತಿದ್ದಳು.

ಮುಂದಿನ ಸಲ ಕ್ಲಿನಿಕ್ಕಿನಲ್ಲಿ ನಾನೂರೈವತ್ತು ಇಟ್ಟಳು.

“ಮೂರು ಜನಕ್ಕೆ ಬರ್ಕಳಿ ಡಾಕ್ಟ್ರಮ್ಮ. ನಮ್ಮೆಜಮಾನ್ರುದೂ ಸೇರ್ಸಿ.”

“ಅವರಿಲ್ವಲ್ಲ ಪಾಪಕ್ಕ.”

“ಅವ್ರೆ. ದಿನಾ ಕೆಮ್ತಾರೆ.”

ಡಾಕ್ಟರು ನಗಲಿಲ್ಲ. ನೂರೈವತ್ತನ್ನು ಅವಳ ಕೈಗೇ ವಾಪಸು ಕೊಟ್ಟರು. “ಭಾನುವಾರ ಸಂಜೆ ಮನೆಗೆ ಬರ್ತೀನಿ. ನಾನೂ ಕೇಳ್ತೀನಿ,” ಅಂದರು.

ಹೇಳಿದಂತೆಯೇ ಬಂದರು. ಸುಮಿತಾ ಟೀ ಕೊಟ್ಟು, ಬಿಂದಿಗೆ ಎತ್ತಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಕೆಮ್ಮು ಬಂತು. ಪಾಪಕ್ಕ ಡಾಕ್ಟರ ಕೈ ಹಿಡಿದುಕೊಂಡಳು.

“ಕೇಳುಸ್ತಾ?”

“ಕೇಳಿಸ್ತು,” ಅಂದವರೇ ಎದ್ದು ಹಿಂದಕ್ಕೆ ಹೋದರು. ಬಚ್ಚಲ ಗೋಡೆಯ ಮರೆಯಲ್ಲಿ ಸುಮಿತಾ ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಖಾಲಿ ಬಿಂದಿಗೆ. ಬಾಯಿಗೆ ಅಪ್ಪನ ಟವೆಲ್ಲು.

“ಅಮ್ಮಂಗೆ ಯೋಳ್ಬೇಡಿ ಮೇಡಂ,” ಅಂದಳು. “ಅಪ್ಪನ್ ಕಾಯ್ಲೆ ನಂಗೂ ಬಂದೈತೆ ಅಂದ್ರೆ ಅಮ್ಮ ಬದ್ಕಲ್ಲ.”

ಡಾಕ್ಟರ ಬೆನ್ನ ಹಿಂದೆಯೇ ಪಾಪಕ್ಕ ನಿಂತಿದ್ದಳು.

ಕಫದ ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು. ಸರ್ಕಾರಿ ಮಾತ್ರೆ ಆರು ತಿಂಗಳು. ದಿನವೂ ಪಾಪಕ್ಕ ಎದುರಿಗೆ ಕೂತು ನುಂಗಿಸಿದಳು. ಮಗಳು ಮೈತುಂಬಿಕೊಂಡು ಮತ್ತೆ ಗಾರ್ಮೆಂಟ್ಸಿನ ಕೆಲಸಕ್ಕೆ ಹೊರಟಳು.

ಕೊನೆಯ ಪರೀಕ್ಷೆಯ ವರದಿ ಕೇಳಲು ಪಾಪಕ್ಕ ಒಬ್ಬಳೇ ಹೋದ ದಿನ ಡಾಕ್ಟರು, “ಬೇಗ ಗೊತ್ತಾಗಿದ್ದು ಒಳ್ಳೇದಾಯ್ತು,” ಅಂದರು.

ಪಾಪಕ್ಕ ನೆಲ ನೋಡುತ್ತ ಕೇಳಿದಳು: “ಅವತ್ತು ನಮ್ಮೆಜಮಾನ್ರ ಹೆಸ್ರೂ ಬರ್ಸಿದ್ರೆ ಉಳೀತಿದ್ರಾ?”

ಡಾಕ್ಟರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. “ಉಳೀಬೋದಿತ್ತು ಪಾಪಕ್ಕ,” ಅಂದರು.

ಪಾಪಕ್ಕ ತಲೆಯಾಡಿಸಿದಳು. ಹೊರಗೆ ಬಂದು ಬಸ್ ಹತ್ತಿದಳು. ಇಳಿಯಬೇಕಾದ ಸ್ಟಾಪು ಬಂದು ಹೋದದ್ದು ಅವಳಿಗೆ ತಿಳಿಯಲಿಲ್ಲ.