ಕೆಡ್ಡಸದ ಎಣ್ಣೆ

ಮುಟ್ಟಾದವರು ದೇವಸ್ಥಾನದ ಒಳಗೆ ಬರಬಾರದೆಂಬ ಮಾತಿಗೆ ಸಿಟ್ಟಾಗಿ ಹೊರಬಂದ ಹೆಂಗಸರೇ, ನನಗೆ ಮುಟ್ಟಾಗುವುದಿಲ್ಲವೆಂದು ನನ್ನನ್ನು ಹೊರಗೆ ನಿಲ್ಲಿಸಿದರು. ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಮಣಿಪಾಲದಲ್ಲಿ ವಿದ್ಯಾರ್ಥಿಗಳ ಪ್ರಬಂಧ ಟೈಪ್ ಮಾಡಿಕೊಡುವ ಅಂಗಡಿಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಹುಟ್ಟಿದಾಗ ನನ್ನನ್ನು ಗಂಡು ಎಂದು ಬರೆಸಿದ್ದರು. ಅದು ಸುಳ್ಳೆಂದು ಬುದ್ಧಿ ಬಂದಾಗಿನಿಂದ ನನಗೆ ಗೊತ್ತಿತ್ತು. ನಾನು ಸೀರೆ ಉಟ್ಟ ದಿನವೇ ಅಜೆಕಾರಿನ ನಮ್ಮ ಮನೆಯ ಬಾಗಿಲು ನನಗೆ ಮುಚ್ಚಿತು. ಅಂಗಡಿಗೆ ಬರುತ್ತಿದ್ದ ಲೆಕ್ಚರರ್ ಮೇಡಂ ಒಬ್ಬರು ನನ್ನನ್ನು ತಮ್ಮ ಮಹಿಳಾ ಗುಂಪಿಗೆ ಸೇರಿಸಿಕೊಂಡರು. ಉಡುಪಿಯಲ್ಲಿ ವರದಕ್ಷಿಣೆಯ ವಿರುದ್ಧ ಮೆರವಣಿಗೆ ಹೊರಟರೆ ಬ್ಯಾನರಿನ ಒಂದು ತುದಿ ನನ್ನ ಕೈಯಲ್ಲೇ ಇರುತ್ತಿತ್ತು.

ಮೇಡಂ ವಿದೇಶದಲ್ಲಿ ಓದುವಾಗ ಹೊಸ ಪೇಗನ್ ಪಂಥವೊಂದನ್ನು ಕಂಡು ಬಂದಿದ್ದರು. ಅದರಲ್ಲಿ ಗುಡಿಯಿಲ್ಲ, ಪುರೋಹಿತನಿಲ್ಲ. ಹೆಂಗಸರೇ ವೃತ್ತವಾಗಿ ನಿಂತು ಭೂಮಿಯನ್ನು ದೇವಿಯೆಂದು ಪೂಜಿಸುವುದು. ನಮ್ಮಲ್ಲಿ ಅದಕ್ಕೆ ಕೆಡ್ಡಸವೇ ಸರಿಯಾದ ಹಬ್ಬ ಎಂದರು. ಕೆಡ್ಡಸವೆಂದರೆ ತುಳುವರ ಲೆಕ್ಕದಲ್ಲಿ ಭೂಮಿ ಮುಟ್ಟಾಗುವ ಮೂರು ದಿನ. ಆಗ ನೆಲ ಅಗೆಯಬಾರದು, ಅವಳಿಗೆ ನೋವಾಗುತ್ತದೆ ಎಂದು ಮೇಡಂ ಎಲ್ಲರಿಗೂ ವಿವರಿಸಿದ್ದರು. ಕೊನೆಯ ದಿನ ಬೆಳಿಗ್ಗೆ ಹೆಂಗಸರು ಅಂಗಳದಲ್ಲಿ ಸೀಗೆ, ಬಾಚಣಿಗೆ, ಕನ್ನಡಿ ಇಟ್ಟು, ನೆಲಕ್ಕೆ ಎಣ್ಣೆ ಹೊಯ್ದು, ಭೂಮಿಯನ್ನು ಸ್ನಾನಕ್ಕೆ ಕಳಿಸುತ್ತಾರೆ. ಅಮ್ಮ ಹೊಯ್ಯುವುದನ್ನು ಚಿಕ್ಕಂದಿನಲ್ಲಿ ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಒಮ್ಮೆಯಾದರೂ ನನ್ನ ಕೈಯಿಂದ ಹೊಯ್ಯಬೇಕೆಂಬ ಆಸೆ ಅಂದಿನದು. ಮನೆಯಂತೂ ಕೈತಪ್ಪಿತ್ತು, ಇನ್ನು ಈ ಗುಂಪೊಂದೇ ಗತಿ.

ಕಾಪುವಿನಲ್ಲಿ ಸದಸ್ಯೆಯೊಬ್ಬರ ತೆಂಗಿನ ತೋಟದಲ್ಲಿ ಹಬ್ಬ ಎಂದು ನಿಶ್ಚಯವಾಯಿತು. ಗಂಡ ತೀರಿಹೋದ ಹಿರಿಯ ಟೀಚರೊಬ್ಬರು ಮೊದಲು ಎಣ್ಣೆ ಹೊಯ್ಯಲಿ ಎಂದು ಮೇಡಂ ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ವಿಧವೆಯರನ್ನು ದೂರವಿಡುವ ಪದ್ಧತಿಯನ್ನು ಮುರಿಯಲೇಬೇಕಿತ್ತು. ಅದೇ ಹುರುಪಿನಲ್ಲಿ, ಆಮೇಲೆ ನಾನೂ ಹೊಯ್ಯುತ್ತೇನೆ ಎಂದೆ. ಚಪ್ಪಾಳೆ ನಿಂತಿತು.

"ನಿನ್ನನ್ನು ಬೇಡ ಅಂತ ಅಲ್ಲ ಮಾರಾಯ್ತಿ," ಎಂದರು ಮೇಡಂ. "ಇದು ರಕ್ತದ ಹಬ್ಬ ಅಲ್ವಾ? ಮುಟ್ಟು ಕಂಡವರಿಗೆ ಮಾತ್ರ. ಇಷ್ಟು ಕಾಲದ ಮೇಲೆ ನಮಗೆ ಅಂತ ಒಂದು ಜಾಗ ಸಿಕ್ಕಿದೆ. ನೀನು ಹೊರಗೆ ನಿಂತು ನೋಡಬಹುದು, ಅಡ್ಡಿ ಇಲ್ಲ."

ಹೊರಗೆ ನಿಂತು ನೋಡುವುದನ್ನು ಕಲಿಯಲು ನನಗೆ ಮಹಿಳಾ ಗುಂಪು ಬೇಕಿರಲಿಲ್ಲ. ಇಬ್ಬರು ಕಾಲೇಜು ಹುಡುಗಿಯರು ನನ್ನ ಪರವಾಗಿ ವಾದಿಸಿದರು. ಟೀಚರು ತಲೆ ತಗ್ಗಿಸಿ ಕುಳಿತರು. ತಮ್ಮದೇ ಒಂದು ಜಾಗ ಬೇಕೆನ್ನುವುದು ನನಗೆ ಅರ್ಥವಾಗದ ಮಾತಲ್ಲ. ಬಸ್ಸಿನಲ್ಲಿ ನನ್ನನ್ನೂ ಕೈಗಳು ತಿವಿದಿವೆ. ಆ ಜಾಗ ನನಗೂ ಅದೇ ಕಾರಣಕ್ಕೆ ಬೇಕಿತ್ತು. ಎಷ್ಟು ಹೇಳಿದರೂ ಗೋಡೆಗೆ ಹೇಳಿದಂತಾಯಿತು.

ಆದರೂ ಹೋದೆ. ಮನಸ್ಸು ಬದಲಾಯಿಸಿಯಾರು ಎಂದು ಚೀಲದಲ್ಲಿ ಒಂದು ಬಾಟಲಿ ತೆಂಗಿನೆಣ್ಣೆ ಇಟ್ಟುಕೊಂಡಿದ್ದೆ. ಕೆಡ್ಡಸದ ನಡುವಿನ ದಿನ ಸಂಜೆ ತೋಟದಲ್ಲಿ ಶಾಮಿಯಾನ ಹಾಕುವ ಗಡಿಬಿಡಿ. ಮೇಡಂ ಪಿಕ್ಕಾಸು ತಂದು ನನ್ನ ಕೈಗಿತ್ತರು, ಕಂಬಕ್ಕೆ ಗುಂಡಿ ತೋಡಲು.

"ಇವತ್ತು ಅಗೆಯಬಾರದು," ಎಂದೆ. "ನೀವೇ ಹೇಳಿದ್ದು."

"ಅದೆಲ್ಲ ಸಂಕೇತ. ಒಂದು ಗುಂಡಿ ತೋಡಿದರೆ ಎಂತ ಆಗ್ತದೆ? ನಿನ್ನ ಕೈಯಲ್ಲಿ ಬಲ ಉಂಟು. ನಮ್ಮಿಂದ ಆಗ್ಲಿಕ್ಕಿಲ್ಲ."

"ಹಾಗಾದರೆ ರಕ್ತವೂ ಸಂಕೇತವೇ ಅಲ್ವಾ ಮೇಡಂ?"

"ಅದು ಬೇರೆ," ಎಂದರು.

ನಾನು ಪಿಕ್ಕಾಸನ್ನು ನೆಲದ ಮೇಲಿಟ್ಟೆ. ಎಣ್ಣೆ ಹೊಯ್ಯಬೇಡ ಎನ್ನುವಾಗ ಅವರ ಪಾಲಿಗೆ ಗಂಡಸಾಗಿದ್ದೆನಲ್ಲ, ಅಗೆಯಲೂ ಗಂಡಸೇ ಆಗಬೇಕಿತ್ತು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಬಾಗಲಕೋಟೆ ಕಡೆಯ ಕೆಲಸದವನನ್ನು ಕರೆಸಿ ಗುಂಡಿ ತೋಡಿಸಿದರು.

ಮರುದಿನ ಬೆಳಿಗ್ಗೆ ತಲೆಗೆ ಶಂಕರಪುರ ಮಲ್ಲಿಗೆ ಮುಡಿದು ಬಾವಿಕಟ್ಟೆಯ ಹತ್ತಿರ ನಿಂತೆ. ಯಾರೂ ಕರೆಯಲಿಲ್ಲ. ವೃತ್ತದೊಳಗೆ ಒಬ್ಬೊಬ್ಬರಾಗಿ ಎಣ್ಣೆ ಹೊಯ್ದರು. ನನ್ನ ಪರ ವಾದಿಸಿದ ಹುಡುಗಿಯರೂ ಹೊಯ್ದರು. ಆಮೇಲೆ ಬೆಲ್ಲ, ತೆಂಗಿನಕಾಯಿ ಬೆರೆಸಿದ ಹುರಿಯಕ್ಕಿ ಪುಡಿಯನ್ನು ಬಾಳೆಲೆಯ ತುಂಡಿನಲ್ಲಿ ನನಗೂ ತಂದುಕೊಟ್ಟರು. ತಿನ್ನಲು ಯಾವ ನಿಯಮವೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶಾಮಿಯಾನದವರು ಕಂಬ ಕಿತ್ತುಕೊಂಡು ಹೋದರು. ಗುಂಡಿ ಬಾಯಿ ತೆರೆದುಕೊಂಡು ಹಾಗೇ ಇತ್ತು, ಮುಚ್ಚಬೇಕೆಂದು ಯಾರಿಗೂ ತೋಚಲಿಲ್ಲ. ನಾನು ಅದರ ಪಕ್ಕದಲ್ಲಿ ಕುಳಿತು ಬಾಟಲಿಯ ಬಿರಡೆ ತೆಗೆದೆ.

"ಎಂತ ಮಾಡ್ತಿದ್ದೀ?" ಎಂದು ಮೇಡಂ ದೂರದಿಂದಲೇ ಕೇಳಿದರು.

"ನೀವು ಅಗೆಸಿದ ಕಡೆ ಎಣ್ಣೆ ಹಾಕ್ತಿದ್ದೇನೆ."

ಇಡೀ ಬಾಟಲಿಯನ್ನು ಬುಡಮೇಲು ಮಾಡಿ ಸುರಿದುಬಿಟ್ಟೆ. ಚಿಕ್ಕಂದಿನಿಂದ ಕಾದಿದ್ದ ಕೆಲಸವನ್ನು ಕೊನೆಗೂ ಮಾಡಿದ್ದು ಹೀಗೆ, ಸಿಟ್ಟಿನಲ್ಲಿ. ಅಮ್ಮ ಎಷ್ಟು ಮೆಲ್ಲಗೆ ಹೊಯ್ಯುತ್ತಿದ್ದಳು.