ಕಾಪುವಿನಲ್ಲಿ ಕಾಣೆಯಾದ ಬಡಿತಗಳು

ಕಾಪುವಿನ ಮೀನು ಮಾರುವ ಹೆಂಗಸೊಬ್ಬರ ಎದೆ ಹತ್ತು ನಿಮಿಷದಲ್ಲಿ ನಾಲ್ಕು ಬಡಿತ ತಪ್ಪಿಸಿದೆ ಎಂದು ನಮ್ಮ ಪೆಟ್ಟಿಗೆ ತೋರಿಸಿತು. ಅವರಿಗೆ ಆಗ ಅರವತ್ತರ ಆಸುಪಾಸು. ತಲೆಸುತ್ತು ಬಂದದ್ದು ಒಂದೇ ಸಲ, ಅದೂ ಉಪವಾಸದ ದಿನ. ಆದರೂ ಡಾಕ್ಟರು ತಲೆಯ ಮೇಲೆ ಬುಟ್ಟಿ ಹೊರುವುದು ಸದ್ಯಕ್ಕೆ ಬೇಡ ಎಂದರು. ಇಡೀ ದಿನ ನಡೆಯುವ ದೊಡ್ಡ ಪರೀಕ್ಷೆಗೆ ಮೂರು ವಾರ ಕಾಯಬೇಕಿತ್ತು.

ಪೆಟ್ಟಿಗೆಯೊಳಗಿನ ಯುಎಸ್‌ಬಿ ಕಂಟ್ರೋಲರ್‌ನ ಡ್ರೈವರ್ ಬರೆದವನು ನಾನು.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ಓದುವಾಗ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ, ಮುಂದೆ ಮತ್ತೆ ಅಲ್ಲಿಗೇ ಹೋದೆ. ನಡುವಿನ ಸ್ವಲ್ಪ ಕಾಲ ಮಣಿಪಾಲದಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿದ್ದ ಸಣ್ಣ ಕಂಪನಿಯಲ್ಲಿದ್ದೆ. ಒಟ್ಟು ಐದು ಜನ. ನಾವು ಮಾಡುತ್ತಿದ್ದ ಪೆಟ್ಟಿಗೆ ಟಿಫಿನ್ ಕ್ಯಾರಿಯರ್‌ನಷ್ಟು ಎತ್ತರವಿತ್ತು. ಒಂದು ಬದಿಗೆ ಎದೆಗೆ ಅಂಟಿಸುವ ತಂತಿಗಳ ಘಟಕ, ಇನ್ನೊಂದು ಬದಿಗೆ ಹೊರಗಿನಿಂದ ಜೋಡಿಸುವ ಪ್ರಿಂಟರ್. ಸಾಮಾನ್ಯ ಇಸಿಜಿ ಹತ್ತು ಸೆಕೆಂಡು ಎದೆಯನ್ನು ನೋಡಿದರೆ ನಮ್ಮದು ಹತ್ತು ನಿಮಿಷ ನೋಡುತ್ತಿತ್ತು. ತಂತಿಯ ಘಟಕ ಒಂದೊಂದು ಸೆಕೆಂಡಿನ ಗೆರೆಯನ್ನು ಒಂದು ಕಂತಾಗಿ ಕಳಿಸುತ್ತದೆ, ಕಂತು ಬಂದ ಕೂಡಲೇ ಕಂಟ್ರೋಲರ್ ಚಿಪ್ ಸನ್ನೆ ಕೊಡುತ್ತದೆ, ಪ್ರೊಸೆಸರ್ ಮಾಡುತ್ತಿದ್ದ ಕೆಲಸ ಬಿಟ್ಟು ಓಡಿ ಬಂದು ಅದನ್ನು ಎತ್ತಿಕೊಳ್ಳಬೇಕು. ಈ ಸನ್ನೆಗೆ ಇಂಟರಪ್ಟ್ ಎನ್ನುತ್ತಾರೆ. ಬಂದ ಸನ್ನೆಗೆ ಏನು ಮಾಡಬೇಕೆಂದು ಹೇಳಿಕೊಡುವುದು ಡ್ರೈವರ್‌ನ ಕೆಲಸ.

ಪ್ರಯೋಗಕ್ಕೆಂದು ಎರಡು ಪೆಟ್ಟಿಗೆ ಕೊಟ್ಟಿದ್ದೆವು. ಒಂದು ಕಾಪುವಿನ ಡಾಕ್ಟರಿಗೆ, ಇನ್ನೊಂದು ಕಾರ್ಕಳದ ಡಾಕ್ಟರಿಗೆ. ಕಾರ್ಕಳದಿಂದ ದೂರು ಇರಲಿಲ್ಲ.

ಕಾಪುವಿನ ಡಾಕ್ಟರು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದ್ದರು: "ನಿಮ್ಮ ಪೆಟ್ಟಿಗೆಯನ್ನು ನಂಬಬಹುದಾ?"

"ನಂಬಬಹುದು ಡಾಕ್ಟ್ರೇ" ಎಂದಿದ್ದೆ. ಪರೀಕ್ಷಿಸಿ ಹೇಳಿದ ಮಾತಲ್ಲ, ಬಾಯಿಗೆ ಬಂದದ್ದು. ಅವರು ಬುಟ್ಟಿ ಬಿಡಿಸಿದ್ದು ಆ ಮಾತಿನ ಮೇಲೆ.

ಮೂರನೆಯ ದಿನ ಕಾಪುವಿಗೆ ಹೋದೆ. ಆಕೆ ಸೊಸೆಯೊಂದಿಗೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತಿದ್ದರು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಪೆಟ್ಟಿಗೆ ಮಾಡಿದವ ನೀನಾ?" ಎಂದರು ಆಕೆ.

"ಹೌದಮ್ಮ. ಐದು ಜನ ಸೇರಿ ಮಾಡಿದ್ದು."

"ಐದು ಜನ ಸೇರಿಯೂ ಹೀಗಾ?"

ಸೊಸೆ, "ಅತ್ತೆ, ಸುಮ್ಮನಿರಿ" ಎಂದಳು.

"ಸುಮ್ಮನೆಯೇ ಇದ್ದೇನಲ್ಲ, ಮೂರು ದಿನ ಆಯ್ತು. ನನ್ನ ಮನೆಗಳಿಗೆಲ್ಲ ಮೊಪೆಡ್‌ನವ ಪೋಂ ಪೋಂ ಅಂತ ಹೋಗ್ತಾ ಇದ್ದಾನೆ. ಮೂರು ವಾರ ಬಿಟ್ಟು ಹೋದರೆ ನನಗೆ ಯಾರು ಬಾಗಿಲು ತೆಗೀತಾರೆ?"

ವಿಷಯ ಇದು. ದಿನಾ ಮೀನು ಕೊಡುವ ಮೂವತ್ತು ಮನೆಗಳು ಅವರಿಗಿದ್ದವು. ಯಾರಿಗೆ ಬಂಗುಡೆ, ಯಾರಿಗೆ ಬೂತಾಯಿ, ಯಾರಿಗೆ ಸೋಮವಾರ ಬೇಡ, ಎಲ್ಲವೂ ಬಾಯಿಪಾಠ. ಅವರಿಗೆ ಅವರ ಅತ್ತೆಯಿಂದ ಬಂದ ದಾರಿಯದು, ಮೂವತ್ತೈದು ವರ್ಷ ನಡೆದದ್ದು. ಮೊಪೆಡ್‌ನವನು ಮನೆಬಾಗಿಲಿಗೆ ಮೀನು ತುಂಬಿಕೊಂಡು ಒಂದು ವಾರ ತಪ್ಪದೆ ಬಂದರೆ ಜನ ಅವನ ಹಾರ್ನಿಗೇ ಪಾತ್ರೆ ಹಿಡಿದು ನಿಲ್ಲುತ್ತಾರೆ. ಇದು ಅವರಿಗೂ ಗೊತ್ತಿತ್ತು, ಸೊಸೆಗೂ ಗೊತ್ತಿತ್ತು. ಸೊಸೆಯ ಹೆದರಿಕೆಯೂ ಸುಳ್ಳಲ್ಲ. ದಾರಿಯಲ್ಲಿ ಬಿದ್ದರೆ ಎತ್ತುವವರು ಯಾರು?

ಮೊದಲು ಪೆಟ್ಟಿಗೆಗಳನ್ನು ಅದಲು ಬದಲು ಮಾಡಲು ನಿರ್ಧರಿಸಿದೆವು. ನನ್ನ ಸಹೋದ್ಯೋಗಿ ಕಾರ್ಕಳದವಳು, ಪ್ರಿಂಟರ್‌ನ ಭಾಗ ಬರೆದವಳು. ಅವಳು ಕಾರ್ಕಳದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿರಿಯಡ್ಕದ ದಾರಿಯಾಗಿ ಬಸ್ಸಿನಲ್ಲಿ ಬಂದಳು. ನಾನು ಕಾಪುವಿನದ್ದನ್ನು ಹಿಡಿದು ಉಡುಪಿ ನಿಲ್ದಾಣದಲ್ಲಿ ಕಾದೆ. ಅವಳಿಗೆ ಕಂಡಕ್ಟರ್, "ಇದಕ್ಕೆ ಅರ್ಧ ಟಿಕೆಟ್ ಮಾಡ್ಲಾ?" ಎಂದು ಕೇಳಿದ್ದನಂತೆ. "ಇನ್ನೂ ಐದು ವರ್ಷ ಆಗಿಲ್ಲ" ಎಂದಳಂತೆ ಇವಳು.

ಕಾಪುವಿನ ಪೆಟ್ಟಿಗೆ ಕಾರ್ಕಳದಲ್ಲಿ ಒಂದು ಬಡಿತವನ್ನೂ ಬಿಡಲಿಲ್ಲ. ಕಾರ್ಕಳದ ಪೆಟ್ಟಿಗೆ ಕಾಪುವಿನಲ್ಲಿ, ಅದೇ ಹೆಂಗಸಿನ ಎದೆಯಲ್ಲಿ, ಮೂರು ಬಿಟ್ಟಿತು.

"ಪೆಟ್ಟಿಗೆಯದ್ದಲ್ಲ ಮಾರಾಯ, ಅವರ ಎದೆಯದ್ದೇ" ಎಂದಳು ಸಹೋದ್ಯೋಗಿ ಫೋನಿನಲ್ಲಿ.

ಅಷ್ಟರಲ್ಲಿ ಆ ಅಮ್ಮ ತಂತಿ ಕಿತ್ತು ನನ್ನ ಕೈಗೆ ಕೊಟ್ಟು, "ಈಗ ನೀನು ಮಲಗು" ಎಂದರು. ಮಲಗಿದೆ. ನನಗಾಗ ಇಪ್ಪತ್ತಾರು, ದಿನಾ ಸಂಜೆ ವಾಲಿಬಾಲ್ ಆಡುತ್ತಿದ್ದೆ. ಹತ್ತು ನಿಮಿಷದಲ್ಲಿ ನನ್ನ ಎದೆ ಐದು ಬಡಿತ ತಪ್ಪಿಸಿತ್ತು.

ಅವರು ಬೆಂಚಿನ ಮೇಲೆ ತೊಡೆ ತಟ್ಟಿಕೊಂಡು ನಕ್ಕರು. "ಅಯ್ಯೋ ಮಗಾ, ನೀನಂತೂ ಬುಟ್ಟಿ ಮುಟ್ಟಲೇಬೇಡ! ಡಾಕ್ಟ್ರೇ, ಇವನಿಗೂ ಚೀಟಿ ಬರೀರಿ."

ಡಾಕ್ಟರು ನಗಲಿಲ್ಲ. "ಪೆಟ್ಟಿಗೆ ಸುಳ್ಳು ಹೇಳ್ತದೆ ಅಂತ ಗೊತ್ತಾಯ್ತು. ಇವರ ಎದೆ ಸರಿ ಉಂಟು ಅಂತ ಇನ್ನೂ ಗೊತ್ತಾಗ್ಲಿಲ್ಲ. ಇವರ ನಾಲ್ಕರಲ್ಲಿ ಮೂರು ಸುಳ್ಳಾಗಿ ಒಂದು ನಿಜ ಇದ್ದರೆ?" ಎಂದರು. ಪೆಟ್ಟಿಗೆ ಸರಿಯಾಗಬೇಕು, ಇಲ್ಲವೇ ಮೂರು ವಾರ ಕಾಯಬೇಕು.

ಒಂದೇ ಪೆಟ್ಟಿಗೆ ಒಂದು ಊರಿನಲ್ಲಿ ಸರಿ, ಇನ್ನೊಂದು ಊರಿನಲ್ಲಿ ತಪ್ಪು. ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ ಹುಟ್ಟಿತು. ಉಪ್ಪುಗಾಳಿ ಎಂದರು ಒಬ್ಬರು, ವೋಲ್ಟೇಜ್ ಎಂದರು ಇನ್ನೊಬ್ಬರು. ನಾನು ಡ್ರೈವರ್‌ನಲ್ಲಿ ಅಲ್ಲಲ್ಲಿ ಸಂದೇಶ ಬರೆಯಿಸುವ ಸಾಲುಗಳನ್ನು ಸೇರಿಸಿ ಮಣಿಪಾಲದಲ್ಲಿ ಎರಡು ದಿನ ಓಡಿಸಿದೆ. ಎದೆಯ ಬದಲಿಗೆ ಬಡಿತ ತಯಾರಿಸುವ ಸಣ್ಣ ಯಂತ್ರವೊಂದು ನಮ್ಮಲ್ಲಿತ್ತು, ನಿಮಿಷಕ್ಕೆ ಸರಿಯಾಗಿ ಅರವತ್ತು. ಎರಡು ದಿನವೂ ಅರವತ್ತಕ್ಕೆ ಅರವತ್ತು ಬಂತು.

ಪತ್ರಿಕೆಯ ಡೆಸ್ಕಿನಲ್ಲಿದ್ದಾಗ ಕಾರಣ ಗೊತ್ತಿಲ್ಲದ ಘಟನೆಗೆ ಕಾರಣ ಬರೆಯಲು ನಮಗೆ ಅನುಮತಿ ಇರಲಿಲ್ಲ. ಎಷ್ಟು ಗಂಟೆಗೆ, ಎಲ್ಲಿ, ಯಾರು ಕಂಡದ್ದು, ಅಷ್ಟೇ. ಒಂದು ನೋಟ್‌ಬುಕ್ ತೆಗೆದುಕೊಂಡು ಮತ್ತೆ ಕಾಪುವಿಗೆ ಹೋದೆ. ಕೈಗಡಿಯಾರವನ್ನು ಪೆಟ್ಟಿಗೆಯ ಗಡಿಯಾರಕ್ಕೆ ಸೆಕೆಂಡಿನವರೆಗೆ ಹೊಂದಿಸಿಕೊಂಡೆ. ಮೂರು ಬೆಳಿಗ್ಗೆ ಕ್ಲಿನಿಕ್ಕಿನ ಮೂಲೆಯಲ್ಲಿ ಕುಳಿತು ಕಂಡದ್ದು, ಕೇಳಿದ್ದು ಎಲ್ಲವನ್ನೂ ಬರೆದೆ. ಫ್ರಿಜ್ ಶುರುವಾಯಿತು. ಫ್ರಿಜ್ ನಿಂತಿತು. ಫ್ಯಾನ್ ಎರಡಕ್ಕೆ ಹಾಕಿದರು. ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್. ಪ್ರಿಂಟರ್ ಹಾಳೆ ಎಳೆಯಿತು.

ತಂತಿ ಅಂಟಿಸಿಕೊಂಡು ಮಲಗಲು ಅಮ್ಮ ದಿನಾ ತಾವೇ ಬಂದರು. ಮನೆಯಲ್ಲಿ ಕುಳಿತು ಬೇಜಾರು ಎಂದರು.

"ಎಂತ ಬರೀತಿ ಅಷ್ಟು?"

"ಶಬ್ದ ಆದದ್ದೆಲ್ಲ."

"ಈಗ ನಾನು ಮಾತಾಡಿದ್ದು?"

"ಅದೂ."

"ಹಾಗಾದ್ರೆ ಬರಿ: ಮೊಪೆಡ್‌ನವನ ನಂಗ್ ಮೀನು ನಿನ್ನೆಯದ್ದು, ಕಿವಿರು ಎತ್ತಿ ನೋಡಿ ಅಂತ. ಪೇಪರಿನಲ್ಲಿ ಹಾಕ್ಸು."

ಅದನ್ನೂ ಗಂಟೆ ನಿಮಿಷದೊಂದಿಗೆ ಬರೆದೆ. ಆ ಪುಟ ಈಗಲೂ ನನ್ನಲ್ಲಿದೆ.

ಮೂರನೆಯ ದಿನ ಮಧ್ಯಾಹ್ನ ಕಾಣೆಯಾದ ಬಡಿತಗಳ ಸಮಯವನ್ನು ಒಂದು ಕಡೆ, ನೋಟ್‌ಬುಕ್ಕನ್ನು ಒಂದು ಕಡೆ ಇಟ್ಟು ನೋಡಿದೆ. ಫ್ರಿಜ್‌ಗೂ ಅದಕ್ಕೂ ಸಂಬಂಧವಿಲ್ಲ. ಬಸ್ಸಿಗೂ ಇಲ್ಲ. ಆದರೆ ಬಡಿತ ಹೋದ ಪ್ರತಿಯೊಂದು ಕಡೆಯೂ ಪ್ರಿಂಟರ್ ಓಡುತ್ತಿತ್ತು. ಡಾಕ್ಟರು ತಾಳ್ಮೆ ಕಡಿಮೆಯವರು. ಹತ್ತು ನಿಮಿಷ ಮುಗಿಯುವ ತನಕ ಕಾಯದೆ ಮೊದಲ ನಿಮಿಷದ ಹಾಳೆಯನ್ನು ಎರಡನೆಯ ನಿಮಿಷದಲ್ಲೇ ಮುದ್ರಿಸಿ ಓದುತ್ತಿದ್ದರು.

ಸಹೋದ್ಯೋಗಿಗೆ ಫೋನ್ ಮಾಡಿ, "ಕಾರ್ಕಳದ ಡಾಕ್ಟರು ಪ್ರಿಂಟ್ ತೆಗೀತಾರಾ?" ಎಂದು ಕೇಳಿದೆ.

ಅವಳು ಹೋಗಿ ನೋಡಿ ಬಂದು ಹೇಳಿದಳು: "ಪ್ರಿಂಟರ್ ಕಪಾಟಿನ ಮೇಲೆ ಉಂಟು. ಧೂಳು ಕೂರಬಾರದು ಅಂತ ಹಳೇ ಸೀರೆಯಲ್ಲಿ ಕಟ್ಟಿ ಇಟ್ಟಿದ್ದಾರೆ. ಬಿಚ್ಚಲೇ ಇಲ್ಲ."

"ನೀನು ಪ್ರಿಂಟರ್ ಟೆಸ್ಟ್ ಮಾಡಿದ್ದೀಯಲ್ಲ?"

"ಮಾಡಿದ್ದೇನೆ. ರೆಕಾರ್ಡಿಂಗ್ ಮುಗಿದ ಮೇಲೆ. ನೀನು?"

"ನಾನು ಪ್ರಿಂಟರ್ ಹಾಕದೆ ಮಾಡಿದ್ದು."

ಎರಡನ್ನೂ ಒಟ್ಟಿಗೆ ಓಡಿಸಿ ಇಬ್ಬರೂ ನೋಡಿರಲಿಲ್ಲ. ಕಾಗದ ಹಾಳು ಮಾಡಬಾರದೆಂಬ ಶಿಸ್ತು ನಮ್ಮ ಆಫೀಸಿನಲ್ಲಿ ಬಿಗಿಯಾಗಿತ್ತು. ನಾವು ಅದನ್ನು ಚೆನ್ನಾಗಿಯೇ ಪಾಲಿಸಿದ್ದೆವು.

ಮರುದಿನ ಮಣಿಪಾಲದಲ್ಲಿ ಬಡಿತದ ಯಂತ್ರವನ್ನೂ ಪ್ರಿಂಟರನ್ನೂ ಒಟ್ಟಿಗೆ ಜೋಡಿಸಿ, ಹಾಳೆಯ ಹೊಸ ಕಟ್ಟೊಂದನ್ನು ಒಡೆದು ಕುಳಿತೆವು. ಏಳನೆಯ ಹಾಳೆಯಲ್ಲಿ ಒಂದು ಬಡಿತ ಹೋಯಿತು. ನಾವು ಕೂಗಿದ ಸದ್ದಿಗೆ ಜೆರಾಕ್ಸ್ ಅಂಗಡಿಯವರು ಮೇಲೆ ಬಂದು, "ಕ್ರಿಕೆಟ್ ಉಂಟಾ?" ಎಂದು ಕೇಳಿದರು. ತಪ್ಪು ಕಣ್ಣೆದುರು ಆಗುವಂತೆ ಮಾಡುವುದೇ ಈ ಕೆಲಸದಲ್ಲಿ ದೊಡ್ಡ ಪಾಲು. ಆಮೇಲಿನದ್ದು ಓದುವ ಕೆಲಸ.

ಓದಿದೆ. ಚಿಪ್‌ನಲ್ಲಿ ಸನ್ನೆಗಳಿಗೆಂದು ಒಂದು ಸಾಲು ಖಾನೆಗಳಿರುತ್ತವೆ. ಎದೆಯ ಕಂತು ಬಂದರೆ ಒಂದು ಖಾನೆಯಲ್ಲಿ ಗುರುತು ಬೀಳುತ್ತದೆ, ಪ್ರಿಂಟರ್ ಕೇಳಿದರೆ ಇನ್ನೊಂದರಲ್ಲಿ. ನಾನು ಬರೆದಂತೆ ಡ್ರೈವರ್ ಸಾಲನ್ನು ನೋಡುತ್ತದೆ, ಗುರುತು ಇದ್ದ ಕೆಲಸವನ್ನು ಮಾಡುತ್ತದೆ, ಕೊನೆಗೆ ಇಡೀ ಸಾಲನ್ನು ಒರೆಸುತ್ತದೆ. ಬರೀ ಎದೆಯ ಕೆಲಸವಾದರೆ ಇದು ಕ್ಷಣದಲ್ಲಿ ಮುಗಿಯುತ್ತದೆ, ತೊಂದರೆ ಇಲ್ಲ. ಪ್ರಿಂಟರ್‌ನ ಕೆಲಸ ಸ್ವಲ್ಪ ಉದ್ದ. ಅದನ್ನು ಮಾಡುತ್ತಿರುವಾಗಲೇ ಎದೆಯ ಕಂತು ಬಂದು ಗುರುತು ಬಿದ್ದರೆ, ಕೊನೆಯಲ್ಲಿ ಯಾರೂ ನೋಡದ ಆ ಗುರುತೂ ಒರೆಸಿ ಹೋಗುತ್ತದೆ. ಮುಂದಿನ ಕಂತು ಬಂದು ಹಳೆಯದರ ಮೇಲೆ ಕೂರುತ್ತದೆ. ಒಂದು ಸೆಕೆಂಡು ಇಲ್ಲವಾಯಿತು.

ತಿದ್ದಲು ಬೇಕಾದದ್ದು ಎರಡು ಸಾಲು. ಕಂಡ ಗುರುತುಗಳನ್ನು ಮಾತ್ರ ಮೊದಲೇ ಒರೆಸಿ, ಆಮೇಲೆ ಕೆಲಸಕ್ಕೆ ಹೋಗುವುದು. ನಡುವೆ ಬಂದದ್ದು ಹಾಗೇ ಉಳಿದು ಮತ್ತೆ ಕರೆಯುತ್ತದೆ.

ಇನ್ನೊಂದು ತಪ್ಪು ನನಗೆ ಹೆಚ್ಚು ನಾಚಿಕೆ ತಂದಿತು. ಕಂತು ಇಲ್ಲದ ಕಡೆ ನಮ್ಮ ಪ್ರೋಗ್ರಾಂ ಅಕ್ಕಪಕ್ಕದ ಗೆರೆಗಳನ್ನು ನಯವಾಗಿ ಸೇರಿಸಿ ತುಂಬುತ್ತಿತ್ತು. ಚೆಂದ ಕಾಣಲಿ ಎಂದು ಹಾಗೆ ಮಾಡಿದ್ದೆವು. ಆ ಕಾರಣಕ್ಕೇ ಡಾಕ್ಟರಿಗೆ ಅದು ನಿಂತ ಎದೆಯಂತೆ ಕಂಡದ್ದು. ಗೊತ್ತಿಲ್ಲದ ಕಡೆ ಜಾಗ ಖಾಲಿ ಬಿಟ್ಟು, 'ಮಾಹಿತಿ ಬಂದಿಲ್ಲ' ಎಂದು ಮುದ್ರಿಸುವಂತೆ ಬದಲಾಯಿಸಿದೆವು. ಆಮೇಲೆ ಎರಡು ಕಟ್ಟು ಹಾಳೆ ಮುಗಿಯುವ ತನಕ ಓಡಿಸಿದೆವು. ಗೆರೆಯಲ್ಲಿ ಎಲ್ಲೂ ಖಾಲಿ ಜಾಗ ಬರಲಿಲ್ಲ.

ಕಾಪುವಿಗೆ ಹೋಗುವಾಗ ಸಹೋದ್ಯೋಗಿಯೂ ಬಂದಳು. ಮೊದಲು ನಾನು ಮಲಗಿದೆ, ಪ್ರಿಂಟರ್ ಓಡುತ್ತಲೇ ಇತ್ತು. ಹತ್ತು ನಿಮಿಷ, ಎಲ್ಲ ಬಡಿತವೂ ಬಂತು. ಆಮೇಲೆ ಅಮ್ಮ. ಸೊಸೆ ಪ್ರಿಂಟರ್ ಹತ್ತಿರವೇ ನಿಂತು ಹಾಳೆ ಹೊರಬಂದ ಹಾಗೆ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದಳು. ಡಾಕ್ಟರು ಎಲ್ಲವನ್ನೂ ಎರಡು ಸಲ ಓದಿದರು, ಇನ್ನೊಮ್ಮೆ ಹತ್ತು ನಿಮಿಷ ತೆಗೆಸಿದರು, ಅದನ್ನೂ ಓದಿದರು.

"ಹೋಗಿ. ಆದರೆ ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು ಹೋಗಿ. ಆ ದೊಡ್ಡ ಪರೀಕ್ಷೆಯನ್ನೂ ತಪ್ಪಿಸ್ಬೇಡಿ" ಎಂದರು.

ಸೊಸೆ ನನ್ನ ಕಡೆ ತಿರುಗಿ, "ಹಾಗಾದ್ರೆ ಈ ಹನ್ನೊಂದು ದಿನ ಅತ್ತೆ ಮನೆಯಲ್ಲಿ ಕೂತದ್ದು?" ಎಂದಳು.

"ನನ್ನ ತಪ್ಪಿನಿಂದ" ಎಂದೆ. "ಡಾಕ್ಟ್ರು ಕೇಳಿದಾಗ ಪೆಟ್ಟಿಗೆ ಸರಿ ಉಂಟು ಅಂತ ನೋಡದೆ ಹೇಳಿದ್ದೂ ನಾನೇ."

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅಮ್ಮ ಅಡ್ಡ ಬಂದರು. "ಅವನಿಗೆ ಬೈದು ನನ್ನ ಮನೆಗಳು ಬರ್ತವಾ? ನಾಳೆ ಬೆಳಿಗ್ಗೆ ಬಾ ಮಗಾ, ಕೆಲಸ ಉಂಟು."

ಬೆಳಿಗ್ಗೆ ಹೋದೆ. ಮೀನು ತುಂಬಿದ ಬುಟ್ಟಿ ಅಂಗಳದಲ್ಲಿತ್ತು. ಅಷ್ಟು ಭಾರವನ್ನು ಒಬ್ಬರೇ ತಲೆಗೆ ಏರಿಸಿಕೊಳ್ಳಲಾಗದು. ಸೊಸೆ ಒಂದು ಕಡೆ, ನಾನು ಒಂದು ಕಡೆ ಹಿಡಿದು ಎತ್ತಿದೆವು. ನೀರು ನನ್ನ ಅಂಗಿಯ ತೋಳಿನೊಳಗೆ ಇಳಿಯಿತು. ಬುಟ್ಟಿ ತಲೆಯ ಮೇಲಿನ ಬಟ್ಟೆಯ ಸಿಂಬೆಯಲ್ಲಿ ಕೂತ ಕೂಡಲೇ ಆಕೆ ಕೈ ಬಿಟ್ಟು ನಡೆಯತೊಡಗಿದರು. ಕೆಲಸ ಮುಗಿಯಿತೆಂದುಕೊಂಡು ನಾನು ಬಸ್ ನಿಲ್ದಾಣದ ಕಡೆ ಹೊರಟೆ.

"ಎಲ್ಲಿಗೆ? ಹಿಂದೆಯೇ ಬಾ" ಎಂದರು ತಿರುಗದೆ.

ಮೊದಲ ಮನೆಯ ಗೇಟಿನಲ್ಲಿ ಮನೆಯಾಕೆ, "ಎದೆಯದ್ದು ಎಂತದೋ ಅಂತ ಕೇಳಿದೆವಲ್ಲ, ಹೊರ್ಲಿಕ್ಕೆ ಆಗ್ತದಾ ನಿಮಗೆ?" ಎಂದು ಕೇಳಿದರು. ಅಮ್ಮ ಬುಟ್ಟಿ ಇಳಿಸಿ ನನ್ನ ಕಡೆ ಬೆರಳು ಮಾಡಿದರು. "ನನ್ನ ಎದೆಯದ್ದಲ್ಲ, ಇವನ ಪೆಟ್ಟಿಗೆಯದ್ದು. ಇವನೇ ಹೇಳ್ತಾನೆ, ಕೇಳಿ. ಹೇಳು ಮಗಾ."

ಹೇಳಿದೆ. ಕಂತು, ಖಾನೆ, ಪ್ರಿಂಟರ್ ಎಂದು ಶುರು ಮಾಡಿ ನಾನು ಮುಗಿಸುವುದರೊಳಗೆ ಅಮ್ಮ ಬಂಗುಡೆ ಎಣಿಸಿ ಕೊಟ್ಟು ಬುಟ್ಟಿ ಮುಚ್ಚಿ ಆಗಿತ್ತು. "ಉದ್ದ ಆಯ್ತು" ಎಂದರು ದಾರಿಯಲ್ಲಿ. ಎರಡನೆಯ ಮನೆಯಲ್ಲಿ ಖಾನೆಯನ್ನು ಬಿಟ್ಟೆ. ಐದನೆಯ ಮನೆಗೆ ಹೋಗುವಾಗ ಮೂರು ವಾಕ್ಯಕ್ಕೆ ಬಂದಿತ್ತು: ಇವರ ಎದೆ ಸರಿ ಉಂಟು. ಯಂತ್ರ ತಪ್ಪು ತೋರಿಸಿತು. ಆ ತಪ್ಪು ಮಾಡಿದವ ನಾನು.

"ಹಾಂ, ಈಗ ಸರಿಯಾಯ್ತು" ಎಂದು ಅಮ್ಮ ಮುಂದಿನ ಗೇಟಿನ ಕಡೆ ನಡೆದರು. ಇನ್ನೂ ಇಪ್ಪತ್ತೈದು ಮನೆಗಳಿದ್ದವು.